ಸೋವಿನವನಿಗೆ ಹೆಸರಿಲ್ಲ: ನಮ್ಮ ಶಿಕಾರಿ ಸಾಹಿತ್ಯದ ನೀತಿ ಕುರಿತು

1

ಮೂವತ್ತು ವರ್ಷ ಹಳ್ಳಿಶಾಲೆಗಳಲ್ಲಿ ಮೇಷ್ಟ್ರಾಗಿದ್ದೆ. ಯಾವ ಊರಿಗೆ ವರ್ಗವಾದರೂ ಒಂದು ಸಂಗತಿ ಮಾತ್ರ ಬದಲಾಗಲಿಲ್ಲ. ಶಾಲೆಯ ಕಪಾಟಿನಲ್ಲಿ ಮೊದಲು ರಟ್ಟು ಕಿತ್ತುಹೋಗುತ್ತಿದ್ದುದು ಶಿಕಾರಿ ಪುಸ್ತಕಗಳು. ಪಂಪ, ರನ್ನ ಧೂಳು ತಿನ್ನುತ್ತಿದ್ದರು. ಕೆನೆತ್ ಆಂಡರ್ಸನ್ ಕೈಯಿಂದ ಕೈಗೆ ಓಡಾಡುತ್ತಿದ್ದ. ಮಕ್ಕಳದ್ದೇನೂ ತಪ್ಪಿಲ್ಲ, ನಾನೂ ದೀಪದ ಬುಡದಲ್ಲಿ ಉಸಿರು ಬಿಗಿಹಿಡಿದು ಓದಿದವನೇ.

ಒಂದು ದಿನ ಏಳನೇ ಕ್ಲಾಸಿನ ಹುಡುಗನೊಬ್ಬ ಪುಸ್ತಕ ವಾಪಸು ಕೊಡಲು ಬಂದವನು ಹೋಗದೆ ನಿಂತ. "ಸಾ, ಹುಲಿ ಹೊಡ್ದೋರ ಹೆಸ್ರು ಪುಸ್ತಕದ ಮ್ಯಾಲೇ ಅದ. ಹುಲಿ ಎಬ್ಬಿಸ್ದೋರ ಹೆಸ್ರು ಒಳಗೂ ಇಲ್ವಲ್ಲ ಸಾ?" ಅಂದ.

ನಾನು ಉತ್ತರ ಹೇಳಲಿಲ್ಲ. ನನ್ನ ಅಪ್ಪನ ತೊಡೆ ನೆನಪಾಯಿತು.

ನಮ್ಮೂರ ಯಜಮಾನರಿಗೆ ಶಿಕಾರಿ ಹುಚ್ಚು. ಪೇಟೆಯಿಂದ ಸ್ನೇಹಿತರು ಬಂದರೆಂದರೆ ರಾತ್ರಿಯೇ ನಮ್ಮ ಕೇರಿಗೆ ಹೇಳಿಕೆ ಬರುತ್ತಿತ್ತು. ಬೆಳಗಾಗುವಷ್ಟರಲ್ಲಿ ಇಪ್ಪತ್ತು ಆಳು ತಮಟೆ, ದೊಣ್ಣೆ ಹಿಡಿದು ಹೋಗಬೇಕು. ಕಾಡಿನ ಒಂದು ಮಗ್ಗುಲಿಗೆ ಕೋವಿಯವರು ಮರದ ಮರೆಯಲ್ಲಿ ನಿಲ್ಲುತ್ತಾರೆ. ಇನ್ನೊಂದು ಮಗ್ಗುಲಿನಿಂದ ನಮ್ಮವರು ತಮಟೆ ಬಡಿದು, ಕೂಗು ಹಾಕಿ, ಮುಳ್ಳುಹಳುವಿನೊಳಗೆ ನುಗ್ಗಿ ಪ್ರಾಣಿಯನ್ನು ಕೋವಿಯ ಬಾಯಿಗೆ ಅಟ್ಟಬೇಕು. ಇದಕ್ಕೆ ಸೋವು ಅಂತಾರೆ. ಹಬ್ಬ, ಸಾವು, ಮೆರವಣಿಗೆಗೆ ಬಡಿಯುವ ತಮಟೆಯೇ ಇಲ್ಲಿಗೂ ಬೇಕು. ಬಡಿಯುವ ಕೈಯೂ ಅದೇ.

ಅಂಥ ಒಂದು ಬೇಟೆಯಲ್ಲಿ ಕಾಡುಹಂದಿ ತಿರುಗಿಬಿತ್ತು. ಸ್ನೇಹಿತರೊಬ್ಬರು ಗಾಬರಿಯಲ್ಲಿ ಹಾರಿಸಿದ ಈಡಿನ ಚರೆ ಹಳುವಿನೊಳಗಿದ್ದ ಅಪ್ಪನ ತೊಡೆಗೆ ಬಡಿಯಿತು. ಅರಿಶಿನ, ಸುಣ್ಣ ಮೆತ್ತಿ ಮನೆಗೆ ಕಳಿಸಿದರು. ಮೂರು ಚರೆ ಹೊರಗೆ ಬಂದವು, ಎರಡು ಒಳಗೇ ಉಳಿದವು. ಅವತ್ತಿನ ಪಾಲು ಅಂತ ಹಂದಿಯ ಕರುಳು, ಒಂದಷ್ಟು ಮೂಳೆ ಬಂತು. ಯಜಮಾನರ ಬೇಟೆನಾಯಿಗೂ ಪಾಲಿತ್ತು, ಅದು ಮಾಂಸದ ಪಾಲು.

ಅಪ್ಪ ಆಮೇಲೆ ಯಾವಾಗಲೂ ಒಂದು ಮಾತು ಹೇಳುತ್ತಿದ್ದ: "ಹಂದಿ ನಮ್ಮ ಕಡೀಕ್ ಬಂದ್ರ ನಮ್ಮ ಹೊಟ್ಟ ಸೀಳ್ತದ ಕಣ್ಲಾ. ಅವ್ರ ಕಡೀಕ್ ಹೋದ್ರ ಅವ್ರ ಮೀಸ ಎತ್ತರಾಯ್ತದ."

ಆ ಹುಡುಗನ ಪ್ರಶ್ನೆಯನ್ನೂ ಅಪ್ಪನ ಮಾತನ್ನೂ ಎದುರಿಗಿಟ್ಟುಕೊಂಡು ನಮ್ಮ ಶಿಕಾರಿ ಸಾಹಿತ್ಯವನ್ನು ಮತ್ತೆ ಓದಿದ್ದೇನೆ. ನನಗೆ ಬೇಕಾದ ಅಳತೆಗೋಲು ಎರಡೇ. ಕೆಲಸ ಮಾಡಿದವನ ಹೆಸರು ಇದೆಯೆ? ಅವನ ಪಾಲು ಎಷ್ಟು?

2

ಶಿಕಾರಿಯವರಿಗೂ ಒಂದು ಧರ್ಮ ಇದೆ. ಅದನ್ನು ಸುಮ್ಮನೆ ಹೀಗಳೆಯಬಾರದು. ಮರಿ ಹಾಕಿದ ಹೆಣ್ಣಿಗೆ ಗುಂಡು ಹಾಕಬಾರದು. ಕೂತ ಹಕ್ಕಿಯನ್ನು ಹೊಡೆಯಬಾರದು, ಹಾರುವಾಗ ಹೊಡೆಯಬೇಕು. ನೀರಿಗೆ ಬಂದ ಪ್ರಾಣಿಗೆ ಹೊಂಚಬಾರದು. ಗಾಯಗೊಂಡದ್ದನ್ನು ಕಾಡಿನಲ್ಲಿ ನರಳಲು ಬಿಟ್ಟು ಬರಬಾರದು, ಹುಡುಕಿ ಮುಗಿಸಬೇಕು. ಪ್ರಾಣಿಗೂ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು ಎಂಬುದು ಈ ಧರ್ಮದ ತಿರುಳು. ಒಳ್ಳೆಯ ಶಿಕಾರಿಗಳು ಇದನ್ನು ಪಾಲಿಸಿದ್ದಾರೆ, ಪಾಲಿಸದವರನ್ನು ಬೈದಿದ್ದಾರೆ.

ಆದರೆ ಈ ಧರ್ಮ ಇಬ್ಬರ ನಡುವಿನದು. ಒಂದು ಕಡೆ ಕೋವಿ, ಇನ್ನೊಂದು ಕಡೆ ಪ್ರಾಣಿ. ನಡುವೆ ಹಳುವಿನಲ್ಲಿ ನಡೆಯುವ ಮೂರನೆಯವನ ಮಾತೇ ಇಲ್ಲಿ ಬರುವುದಿಲ್ಲ. ಗಾಯಗೊಂಡ ಹುಲಿಯನ್ನು ಹುಡುಕಿ ಮುಗಿಸಬೇಕು, ಸರಿ. ಲಂಟಾನದ ಪೊದೆಯೊಳಗೆ ಬಗ್ಗಿ ರಕ್ತದ ಜಾಡು ನೋಡುವವನು ಯಾರು? ಅವನ ಕೈಯಲ್ಲಿ ಏನಿದೆ? ಹುಲಿಗೆ ತಪ್ಪಿಸಿಕೊಳ್ಳುವ ಅವಕಾಶ ಕೊಡಬೇಕೆಂದ ಧರ್ಮ, ಸೋವಿಗೆ ಬರುವುದಿಲ್ಲ ಅನ್ನುವ ಅವಕಾಶವನ್ನು ಆಳಿಗೆ ಕೊಟ್ಟಿತೆ? ನಮ್ಮೂರಲ್ಲಂತೂ ಕೊಡಲಿಲ್ಲ. ಬರಲ್ಲ ಅಂದವನಿಗೆ ಸುಗ್ಗಿಯಲ್ಲಿ ಕೂಲಿ ಇರುತ್ತಿರಲಿಲ್ಲ.

ಹಳೇ ಮೈಸೂರಿನ ಖೆಡ್ಡಾ ನೆನೆಸಿಕೊಳ್ಳಿ. 1874ರಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಚಾಮರಾಜನಗರದ ಕಡೆ ಕಾಡಾನೆ ಹಿಂಡನ್ನು ಅಟ್ಟಿ ಹಿಡಿಸಿದ. ಆಮೇಲೆ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಯಿತು. ವೈಸರಾಯಿಗಳು, ರಾಜಮನೆತನದ ಅತಿಥಿಗಳು ಗ್ಯಾಲರಿ ಮೇಲೆ ಕೂತು ನೋಡಿದರು. ಆನೆಗಳನ್ನು ಕಾಡಿನಿಂದ ಹೊಳೆಗೆ, ಹೊಳೆಯಿಂದ ದೊಡ್ಡಿಗೆ ಅಟ್ಟಿದವರಲ್ಲಿ, ಪಳಗಿದ ಆನೆ ಮೇಲೆ ಕೂತು ಕಾಡಾನೆಯ ಕಾಲಿಗೆ ಹಗ್ಗ ಹಾಕಿದವರಲ್ಲಿ ಜೇನುಕುರುಬರಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರ ಹೊತ್ತಿಗೆ ಕಬಿನಿ ಅಣೆಕಟ್ಟಿನ ನೀರು ಆ ಜಾಗವನ್ನೇ ನುಂಗಿತು. ಫೋಟೋಗಳು ಉಳಿದಿವೆ, ಅವುಗಳ ಕೆಳಗೆ ಅತಿಥಿಗಳ ಹೆಸರಿದೆ. ಹಗ್ಗ ಹಾಕಿದವರ ಮಕ್ಕಳು ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಇವತ್ತಿಗೂ ಜಾಗದ ಹಕ್ಕಿಗೆ ಅರ್ಜಿ ಹಿಡಿದುಕೊಂಡಿದ್ದಾರೆ.

ಮೈಸೂರಿನಲ್ಲೇ ವ್ಯಾನ್ ಇಂಗನ್ ಎಂಬ ಕುಟುಂಬದ ಕಾರ್ಖಾನೆ ಇತ್ತು. ಸುಮಾರು 1900ರಿಂದ 1999ರವರೆಗೆ ಸತ್ತ ಪ್ರಾಣಿಗಳಿಗೆ ಹದ ಹಾಕಿ, ಜೀವಂತ ಇದ್ದ ಹಾಗೆ ನಿಲ್ಲಿಸಿಕೊಡುವ ಕೆಲಸ ಅವರದು. ಅವರ ಕೈದಾಟಿ ಹೋದ ಹುಲಿ, ಚಿರತೆಗಳೇ 43,000ಕ್ಕೂ ಹೆಚ್ಚು ಎಂದು ಅದರ ಚರಿತ್ರೆ ಬರೆದವರು ಲೆಕ್ಕ ಕೊಡುತ್ತಾರೆ. ಆ ಚರ್ಮಗಳು ಅರಮನೆಗಳ ಗೋಡೆ ಮೇಲೆ ಬಾಯಿ ತೆರೆದು ನಿಂತವು. ನಮ್ಮ ದೇಶದ ಮಡಿವಂತಿಕೆಯ ವಿಚಿತ್ರ ನೋಡಿ. ಹುಲಿಚರ್ಮದ ಮೇಲೆ ಕೂತು ಜಪ ಮಾಡುವ ಸ್ವಾಮಿಗಳಿಗೆ ಮೈಲಿಗೆ ಇಲ್ಲ. ಊರಿನ ಸತ್ತ ದನದ ಚರ್ಮ ಸುಲಿದ ನನ್ನ ಅಜ್ಜ ಮಾತ್ರ ಮುಟ್ಟಬಾರದವನು. ಎರಡೂ ಸತ್ತ ಪ್ರಾಣಿಯ ಚರ್ಮವೇ. ಒಂದು ಶೌರ್ಯದ ಕುರುಹಾಯಿತು, ಇನ್ನೊಂದು ಜಾತಿಯ ಕುರುಹಾಯಿತು.

3

ಇನ್ನು ನಮ್ಮ ಕಾವ್ಯ, ಕಾದಂಬರಿಗಳಿಗೆ ಬರೋಣ.

ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಬೇಟೆಯ ವರ್ಣನೆಗೆ ಬರವಿಲ್ಲ. ನಾಯಿಗಳ ಹೆಸರು, ಬಲೆಗಳ ಬಗೆ, ಬೇಡರ ಸಂಭ್ರಮ ಎಲ್ಲ ಇರುತ್ತವೆ. ಆದರೆ ನನ್ನನ್ನು ಬಿಡದೆ ಕಾಡುವುದು ರಾಘವಾಂಕನ ಹರಿಶ್ಚಂದ್ರ ಕಾವ್ಯದ ಪ್ರಸಂಗ. ರಾಜ ಬೇಟೆಗೆಂದು ಕಾಡಿಗೆ ಬಂದಿದ್ದಾನೆ. ಆಗ ವಿಶ್ವಾಮಿತ್ರ ಕಳಿಸಿದ ಗಾಣರಾಣಿಯರು ಬಂದು ಹಾಡುತ್ತಾರೆ. ರಾಜ ಮೆಚ್ಚಿ ಒಡವೆ ಕೊಡಲು ಹೋಗುತ್ತಾನೆ. ಅವರು ಒಡವೆ ಬೇಡ, ಬೆಳ್ಗೊಡೆ ಕೊಡು ಅನ್ನುತ್ತಾರೆ. ಅದಾಗದು ಅಂದಾಗ ನಮ್ಮನ್ನು ಮದುವೆಯಾಗು ಅನ್ನುತ್ತಾರೆ. ರಾಜನ ಉತ್ತರ ನಮಗೆಲ್ಲ ಗೊತ್ತಿರುವುದೇ: ನೀವು ಹೊಲತಿಯರು. ಆಗ ಆ ಹೆಣ್ಣುಗಳು ಎತ್ತುವ ವಾದ ಕನ್ನಡ ಕಾವ್ಯದಲ್ಲೇ ದೊಡ್ಡದು. ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮ ಚೆಲುವು ನೋಡಿದ ಕಣ್ಣಿಗೆ ಅಂಟದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ಅಂಟುತ್ತದೆ ಎಂದು ಅವರು ಕೇಳುತ್ತಾರೆ. ಸತ್ಯಕ್ಕೆ ಹೆಸರಾದ ರಾಜನ ಹತ್ತಿರ ಉತ್ತರವಿಲ್ಲ. ಹೊಡೆದು ಅಟ್ಟಿಸುತ್ತಾನೆ.

ಬೇಟೆಯ ಕಾಡಿನಲ್ಲೇ ಈ ಪ್ರಸಂಗ ನಡೆಯುವುದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಬೇಟೆಯಲ್ಲಿ ರಾಜ ಊರಿನ ಕಟ್ಟಳೆ ಬಿಟ್ಟು ಹೊರಗೆ ಬಂದಿರುತ್ತಾನೆ. ಕಾಡಿನವರ ಜೊತೆ ಓಡುತ್ತಾನೆ, ಅವರು ತೋರಿಸಿದ ನೀರು ಕುಡಿಯುತ್ತಾನೆ. ಬೇಟೆಯ ಹೊತ್ತಿನಲ್ಲಿ ಜಾತಿ ಕೊಂಚ ಸಡಿಲವಾಗುತ್ತದೆ. ಪಾಲು ಕೇಳುವ ಹೊತ್ತಿಗೆ ಬಿಗಿಯಾಗುತ್ತದೆ. ನಮ್ಮೂರ ಯಜಮಾನರೂ ಹಾಗೇ. ಕಾಡಿನಲ್ಲಿ ಅಪ್ಪನ ಹೆಗಲ ಮೇಲೆ ಕೈಹಾಕಿ ಹೆಜ್ಜೆಗುರುತು ನೋಡುತ್ತಿದ್ದರು. ಊರ ಬಾಗಿಲಿಗೆ ಬರುತ್ತಿದ್ದ ಹಾಗೆ ಆ ಕೈ ಹಿಂದಕ್ಕೆ ಹೋಗುತ್ತಿತ್ತು. ರಾಘವಾಂಕ ಇದನ್ನು ಏಳೆಂಟು ನೂರು ವರ್ಷಗಳ ಹಿಂದೆಯೇ ಕಂಡಿದ್ದ.

ಕುವೆಂಪು ಅವರ ಮಲೆನಾಡಿನಲ್ಲಿ ಬೇಟೆ ಇಲ್ಲದ ಊರಿಲ್ಲ. ಹಳು ನುಗ್ಗುವವರು ಬೇರೆ, ಬಿಲ್ಲಿಗೆ ನಿಲ್ಲುವವರು ಬೇರೆ ಎಂಬ ಭೇದವೂ ಅಲ್ಲಿದೆ. ಆದರೆ 1967ರ 'ಮಲೆಗಳಲ್ಲಿ ಮದುಮಗಳು' ಒಂದು ದೊಡ್ಡ ಕೆಲಸ ಮಾಡಿತು. ಕತೆ ಶುರುವಾಗುವುದೇ ಹೊಲೆಯರ ಗುತ್ತಿ ಮತ್ತು ಅವನ ನಾಯಿ ಹುಲಿಯನ ನಡಿಗೆಯಿಂದ. ಗುತ್ತಿಗೆ ತನ್ನದೇ ಹಟ, ತನ್ನದೇ ಪ್ರೇಮ ಇದೆ. ಗುತ್ತಿಯನ್ನು ಕಂಡ ಓದುಗನಿಗೆ ಮುಂದೆ ಯಾವ ಬೇಟೆಯ ಕತೆಯಲ್ಲೂ 'ಆಳುಗಳು ಸೋವಿದರು' ಎಂಬ ಬರಿಯ ಮಾತು ಸಾಲುವುದಿಲ್ಲ. ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಓದುವಾಗಲೂ ಈ ಕಣ್ಣು ಜೊತೆಯಲ್ಲಿರಬೇಕು. ಕೋವಿ ಹಿಡಿದವರ ನೆನಪುಗಳು ನಮಗೆ ಸಿಕ್ಕಿವೆ. ದೊಣ್ಣೆ ಹಿಡಿದವರ ನೆನಪುಗಳು ಇನ್ನೂ ಬಾಯಲ್ಲೇ ಇವೆ.

ಈಗ ಕಪಾಟಿನ ಹರಿದ ಪುಸ್ತಕಕ್ಕೆ ಬರೋಣ. ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಿಂದ ಇಂಗ್ಲಿಷಿನಲ್ಲಿ ಶಿಕಾರಿ ಪುಸ್ತಕ ಬರೆದ. ತೇಜಸ್ವಿಯವರು ಅವನ್ನು 'ಕಾಡಿನ ಕಥೆಗಳು' ಮಾಡಿ ಕನ್ನಡದ ಹಳ್ಳಿಹುಡುಗರ ಕೈಗಿಟ್ಟರು. ಆಂಡರ್ಸನ್ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಅವನ ಪುಸ್ತಕಗಳಲ್ಲಿ ಹೆಸರುಗಳಿವೆ. ಪೂಜಾರಿ ಜನದ ಬೈರ ಇದ್ದಾನೆ, ರಂಗ ಇದ್ದಾನೆ. ತೇಜಸ್ವಿಯವರ ಒಂದು ಸಂಪುಟದ ತಲೆಬರಹದಲ್ಲೇ ಮುನಿಶಾಮಿ ಇದ್ದಾನೆ. ಬೈರನನ್ನು ಆಂಡರ್ಸನ್ ಗೆಳೆಯ ಅನ್ನುತ್ತಾನೆ, ಕಾಡಿನ ವಿದ್ಯೆಯಲ್ಲಿ ತನಗಿಂತ ಮಿಗಿಲು ಅಂತ ಒಪ್ಪಿಕೊಳ್ಳುತ್ತಾನೆ. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಇನ್ನರ್ಧ ಎಲ್ಲಿ? ಆಂಡರ್ಸನ್ ಕೋವಿ ಹಿಡಿದು ಕಾಡಿಗೆ ಹೋದರೆ ಅದು ಶಿಕಾರಿ. ಬೈರ ನಾಡಕೋವಿ ಹಿಡಿದು ಹೋದರೆ ಅದು ಕಳ್ಳಬೇಟೆ. ಒಂದೇ ಕಾಡು, ಅದೇ ಪ್ರಾಣಿ, ಶಬ್ದ ಮಾತ್ರ ಎರಡು. ಬೈರ ಹೊಟ್ಟೆಗಾಗಿ ಹೊಡೆದವನು, ಬಿಲದಂಥ ಗುಡಿಸಿನಲ್ಲಿ ಬದುಕಿದವನು. ಆಂಡರ್ಸನ್ ಬೆಂಗಳೂರಿನ ಮನೆಗೆ ವಾಪಸಾದವನು. ಗೆಳೆತನ ಸುಳ್ಳಲ್ಲ. ಆದರೆ ಆ ಗೆಳೆತನ ಈ ಎರಡು ಶಬ್ದಗಳ ನಡುವಿನ ಗೋಡೆಯನ್ನು ಒಡೆಯಲಿಲ್ಲ. ಬೈರನಿಗೆ ಹೆಸರು ಸಿಕ್ಕಿತು, ಪಾಲು ಸಿಗಲಿಲ್ಲ.

1980ರ 'ಕರ್ವಾಲೊ'ದಲ್ಲಿ ತೇಜಸ್ವಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಾರುವ ಓತಿಯನ್ನು ಕಂಡವನು ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣ. ಅವನ ಕಣ್ಣಿನ ಬೆಲೆ ಗೊತ್ತಾಗುವುದು ವಿಜ್ಞಾನಿ ಕರ್ವಾಲೊಗೆ. ಇಲ್ಲಿ ದೊಡ್ಡವನು ಮುಂದೆ ನಿಂತು ಸಣ್ಣವನನ್ನು ಹಳುವಿಗೆ ಅಟ್ಟುವುದಿಲ್ಲ. ಮಂದಣ್ಣನ ಹಿಂದೆ ವಿಜ್ಞಾನಿಯೇ ನಡೆಯುತ್ತಾನೆ. ಶಿಕಾರಿ ಸಾಹಿತ್ಯ ತಲೆಕೆಳಗಾದದ್ದು ಇಲ್ಲಿ. ಕಾಡಿನ ಸಾಹಸಕ್ಕಾಗಿ ಈ ಪುಸ್ತಕ ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

4

ಬೇಟೆ ನಿಂತು ಕಾಲವಾಯಿತು, ಈಗ್ಯಾಕೆ ಈ ಮಾತು ಅಂತ ಕೇಳುವವರಿದ್ದಾರೆ. ಕೋವಿಯ ಹವ್ಯಾಸ ನಿಂತ ಮೇಲೂ ಗಾಳದ ಹವ್ಯಾಸ ನಡೆಯಿತು. ಕಾವೇರಿ ಕಡೆ ಬನ್ನಿ.

ನಮ್ಮ ಹೊಳೆಗಳ ದೊಡ್ಡ ಮೀನು ಮಹಶೀರ್, ನಮ್ಮ ಜನರ ಬಾಯಲ್ಲಿ ಬಿಳಿಮೀನು. 1946ರಲ್ಲಿ ಅದೇ ವ್ಯಾನ್ ಇಂಗನ್ ಮನೆಯವನೊಬ್ಬ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋ ಮೀನು ಹಿಡಿದ. ಗಾಳದವರ ಬಾಯಲ್ಲಿ ಆ ದಾಖಲೆ ಇನ್ನೂ ಓಡಾಡುತ್ತಿದೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹವ್ಯಾಸಿಗಳು ಕಾವೇರಿಗೆ ಬಂದರು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳಾದವು. ಇಲ್ಲಿಯ ಧರ್ಮ ಹಳೇ ಶಿಕಾರಿಗಿಂತ ಮೃದು: ಹಿಡಿ, ತೂಕ ಹಾಕು, ಫೋಟೋ ತೆಗೆ, ಮತ್ತೆ ನೀರಿಗೆ ಬಿಡು. ಕೊಲ್ಲುವ ಹಾಗಿಲ್ಲ.

ಇದರಲ್ಲಿ ಒಳ್ಳೆಯದಿತ್ತು. ಹೊಳೆಗೆ ತೋಟೆ ಎಸೆದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರಿಗೆ ಶಿಬಿರಗಳಲ್ಲಿ ಕೆಲಸ ಸಿಕ್ಕಿತು. ಕಾವಲು ಇದ್ದ ಕಡೆ ತೋಟೆಯ ಹಾವಳಿ ತಗ್ಗಿತು. ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಿಂದಲೇ ಒಂದು ಅನಾಹುತ ಹೊರಬಿತ್ತು. ಮರಿ ಮಾಡಿ ಹೊಳೆಗೆ ಬಿಟ್ಟ ಹೊರಗಿನ ಮಹಶೀರ್ ಹೆಚ್ಚುತ್ತ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕಾಣೆಯಾಗುತ್ತಿತ್ತು. ಆ ಮೀನಿನ ಶಾಸ್ತ್ರೀಯ ಹೆಸರು ಇತ್ಯರ್ಥವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಅಂಚಿನ ಪಟ್ಟಿಗೂ ಸೇರಿತು. ಹವ್ಯಾಸಿಗಳ ನೋಟುಬುಕ್ಕಿಗೆ ನಾವು ಋಣಿಗಳೇ.

ಆದರೆ ಗಾಳಕ್ಕೆ ಹಾಕುತ್ತಿದ್ದ ಎರೆ ಏನು ಗೊತ್ತೆ? ರಾಗಿ. ಬೇಯಿಸಿ ಗಟ್ಟಿಯಾಗಿ ಕಟ್ಟಿದ ರಾಗಿಮುದ್ದೆ. ಅದನ್ನು ಕಲಸಿ, ಉಂಡೆ ಕಟ್ಟಿ, ಗಾಳಕ್ಕೆ ಚುಚ್ಚಿಕೊಡುವವನು ಹೊಳೆದಂಡೆಯ ಹಳ್ಳಿಯವನು. ಹರಿಗೋಲು ಹಾಕುವವನೂ ಅವನೇ. ಬಿಳಿಮೀನು ಯಾವ ಮಡುವಿನಲ್ಲಿ, ಯಾವ ಹೊತ್ತಿಗೆ ಬರುತ್ತದೆ ಎಂದು ಬಲ್ಲವನೂ ಅವನೇ. ಫೋಟೋದಲ್ಲಿ ಮೀನನ್ನು ತಬ್ಬಿಕೊಂಡವರು ಬೇರೆ. ಅವನು ಅದೇ ಹೊಳೆಯಲ್ಲಿ ತನ್ನ ಮಕ್ಕಳಿಗೆಂದು ಒಂದು ಮೀನು ಹಿಡಿದರೆ ಕಳ್ಳನಾಗುತ್ತಾನೆ. ಹೊಟ್ಟೆಗೆ ಹಿಡಿದರೆ ಅಪರಾಧ, ಆಟಕ್ಕೆ ಹಿಡಿದರೆ ಸಂರಕ್ಷಣೆ. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಕಾಯಿದೆಗೆ ವಿರುದ್ಧ ಎಂಬ ತಕರಾರೆದ್ದು 2012ರ ಹೊತ್ತಿಗೆ ಆ ಶಿಬಿರಗಳ ಗಾಳದಾಟ ನಿಂತಿತು. ಹವ್ಯಾಸಿ ಬೇರೆ ಹೊಳೆಗೆ ಹೋಗಬಹುದು. ಹರಿಗೋಲಿನವನಿಗೆ ಇರುವುದು ಒಂದೇ ಹೊಳೆ.

5

ಕಾಯಿದೆಯ ಮಾತು ಬಂತು. 1871ರಲ್ಲಿ ಬ್ರಿಟಿಷರು ಅಲೆದಾಡಿ ಬದುಕುವ ಜನರನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡುವ ಕಾಯಿದೆ ತಂದರು. ಬೇಟೆಯಿಂದ ಹೊಟ್ಟೆ ಹೊರೆಯುತ್ತಿದ್ದ ಪಾರ್ಧಿಗಳು ಆ ಪಟ್ಟಿಗೆ ಸೇರಿದರು. ನಮ್ಮ ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿ ಅಂತ ಕರೆಯುವುದು ಇವರನ್ನೇ. 1952ರಲ್ಲಿ ಆ ಕಾಯಿದೆ ಹೋಯಿತು, ಊರಿನವರ ಅನುಮಾನ ಹೋಗಲಿಲ್ಲ. ಅದೇ ಕಾಲದಲ್ಲಿ ಸಾಹೇಬರ, ರಾಜರ ಬೇಟೆಗೆ ಕಾಯ್ದಿಟ್ಟ ಕಾಡುಗಳಿದ್ದವು. ಹೆಸರಿನಲ್ಲೇ ಶಿಕಾರಿ ಇದ್ದವರು ಕಳ್ಳರಾದರು, ಬಿರುದಿನಲ್ಲಿ ಶಿಕಾರಿ ಇದ್ದವರು ಅತಿಥಿಗಳಾದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು ಒಳ್ಳೆಯದಾಯಿತು. ಬರದಿದ್ದರೆ ಇವತ್ತು ಹುಲಿಯೂ ಇರುತ್ತಿರಲಿಲ್ಲ. ಆದರೆ ಆ ಕಾಯಿದೆಯೂ ಮೊದಲಿಗೆ ಪರವಾನಗಿ ಬೇಟೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅದು ಮುಚ್ಚಿದ್ದು 1991ರ ತಿದ್ದುಪಡಿಯಲ್ಲಿ. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಜನರಿಗೆ ಮೀನು, ನೀರಿನ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕು ಕೊಟ್ಟಿತು, ಬೇಟೆಯ ಹಕ್ಕು ಕೊಡಲಿಲ್ಲ. ಕೊಡಬೇಕಿತ್ತು ಅಂತ ನಾನು ವಾದಿಸುವುದಿಲ್ಲ. ಆ ಮೀನಿನ ಹಕ್ಕಾದರೂ ಹಾಡಿಗಳಿಗೆ ತಲುಪಿದೆಯೆ ಎಂದು ಕಾರ್ಯಕರ್ತರು ಹೋಗಿ ಕೇಳಬೇಕು.

ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ಕದ್ದ ಕಡಲೆಕಾಯಿಯನ್ನು ರಾತ್ರಿ ಕೂತು ತಿಂದು ಮುಗಿಸುತ್ತಾರೆ. ಬೆಳಿಗ್ಗೆ ಪೊಲೀಸರು ಬಂದರೆ ಸಿಪ್ಪೆಯೂ ಸಿಗುವುದಿಲ್ಲ. ಅದನ್ನು ಓದುವಾಗೆಲ್ಲ ನನಗೆ ಶಿಕಾರಿಯವರ ಗೋಡೆ ನೆನಪಾಗುತ್ತದೆ. ಹಸಿದವನು ಕುರುಹು ಉಳಿಸಲಾರ. ಹವ್ಯಾಸಿ ಕುರುಹಿಗಾಗಿಯೇ ಕೊಲ್ಲುತ್ತಾನೆ, ಮೊಳೆ ಹೊಡೆದು ನೇತುಹಾಕುತ್ತಾನೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ನಮ್ಮವರ ಕೈಯೂ ಶುದ್ಧವಲ್ಲ. ಹಂದಿಗೆಂದು ಹಾಕಿದ ತಂತಿ ಉರುಳಿಗೆ ಕಣ್ಣಿಲ್ಲ. ಚಿರತೆಯೂ ಬೀಳುತ್ತದೆ, ಹುಲಿಯೂ ಬೀಳುತ್ತದೆ, ಸೊಂಟ ಕತ್ತರಿಸಿಕೊಂಡು ಒದ್ದಾಡಿ ಸಾಯುತ್ತದೆ. ಮದ್ದಿನ ಉಂಡೆ ಕಚ್ಚಿದ ಹಸುವಿನ ದವಡೆಯನ್ನು ನಾನೇ ಕಂಡಿದ್ದೇನೆ. ಹಸಿವು ಎಲ್ಲವನ್ನೂ ತೊಳೆಯುತ್ತದೆ ಅಂತ ಬರೆಯುವ ನಮ್ಮ ಕತೆಗಾರರು ಇದನ್ನು ನೋಡಲು ಹಿಂಜರಿಯುತ್ತಾರೆ.

ನಮ್ಮ ಚಿಕ್ಕಪ್ಪ ಒಂದು ಸಲ ಹೊಳೆಗೆ ತೋಟೆ ಹೊಡೆದು ಕುಕ್ಕೆ ತುಂಬ ಮೀನು ತಂದ. ಕೇರಿಯೆಲ್ಲ ಹಿಗ್ಗಿತು. ಅವ್ವ ಉಜ್ಜಲು ಕೂತವಳು ಬೆರಳುದ್ದದ ಮರಿಗಳನ್ನು ಅಂಗೈಯಲ್ಲಿ ಹಿಡಿದು ಸಿಟ್ಟಾದಳು. "ಇವು ಇನ್ನೂ ಕಣ್ಣೇ ಬುಟ್ಟಿರ್ನಿಲ್ವಲ್ಲೋ ಮೈದ. ಮುಂದ್ಲ ವರ್ಸ ಏನ್ ತಿಂದೀರಿ, ಕಲ್ಲಾ?" ಅಂದಳು. ಚಿಕ್ಕಪ್ಪ ತಲೆ ಎತ್ತಲಿಲ್ಲ.

ಅವ್ವನಿಗೆ ಓದು ಬರದು. ಶಿಕಾರಿ ಧರ್ಮದ ಪುಸ್ತಕ ಅವಳು ನೋಡಿದವಳಲ್ಲ. ಹವ್ಯಾಸಿಯ ನೀತಿ ಬಿಡುವಿನಿಂದ ಬಂದದ್ದು, ಅವ್ವನ ನೀತಿ ಮುಂದಿನ ವರ್ಷದ ಊಟದಿಂದ ಬಂದದ್ದು. ಮೊದಲನೆಯದು ಅಚ್ಚಾಗಿ ಕಪಾಟಿಗೆ ಬಂತು. ಎರಡನೆಯದು ಮೀನಿನ ಹುರುಪೆಯ ಜೊತೆ ತಿಪ್ಪೆಗೆ ಹೋಯಿತು. ನಮ್ಮ ಬರವಣಿಗೆ ಯಜಮಾನರ ಮೀಸೆಯನ್ನು ಬೈದು ಮುಗಿಸಿದರೆ ಸಾಲದು. ಅವ್ವನ ಈ ಮಾತನ್ನು ತಿಪ್ಪೆಯಿಂದ ಎತ್ತಿ ತರಬೇಕು.

6

ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ನನ್ನದೊಂದು ಸಣ್ಣ ಕೋರಿಕೆ. ಶಿಕಾರಿ ಪುಸ್ತಕಗಳನ್ನು ಕಪಾಟಿನಿಂದ ತೆಗೆಯಬೇಡಿ. ಮಕ್ಕಳು ಓದಲಿ, ಉಸಿರು ಬಿಗಿಹಿಡಿದೇ ಓದಲಿ. ಓದಿದ ಮೇಲೆ ಅವರನ್ನು ಕೇರಿಗೆ, ಹಾಡಿಗೆ ಕಳಿಸಿ. ಸೋವಿಗೆ ಹೋಗಿದ್ದ ಮುದುಕರು ಇನ್ನೂ ಕೆಲವರಿದ್ದಾರೆ. ಹರಿಗೋಲು ಹಾಕಿದವರು ಬಹಳ ಮಂದಿ ಇದ್ದಾರೆ. ಯಾರ ಜೊತೆ ಹೋಗಿದ್ರಿ, ಏನು ಸಿಕ್ತು, ಪಾಲು ಎಷ್ಟು ಕೊಟ್ರು, ಗಾಯ ಆದಾಗ ಯಾರು ನೋಡಿಕೊಂಡ್ರು ಅಂತ ಕೇಳಲಿ. ಅವರ ಹೆಂಡಂದಿರನ್ನೂ ಕೇಳಲಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ, ಹೇಳಿದವರು ಒಪ್ಪಿದರೆ ಹೆಸರು ಸಮೇತ. ಶಿಕಾರಿ ಸಾಹಿತ್ಯದ ಎರಡನೇ ಸಂಪುಟ ಅದು.

ಅಪ್ಪನನ್ನು ಊರ ಹೊರಗಿನ ನಮ್ಮ ಮಸಣದಲ್ಲಿ ಹೂತೆವು. ಎರಡು ಚರೆ ಅವನ ತೊಡೆಯಲ್ಲೇ ಇದ್ದವು. ಆ ಹಂದಿಯ ಕೋರೆ ಯಜಮಾನರ ಮನೆಯ ಗೋಡೆ ಮೇಲೆ ಈಗಲೂ ಇದೆ. ಅದರ ಕೆಳಗೆ ತಾರೀಖು ಇದೆ, ಹೊಡೆದವರ ಹೆಸರಿದೆ. ಆ ಹುಡುಗನಿಗೆ ಅವತ್ತು ಕೊಡದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಅವನು ಎಲ್ಲಿದ್ದರೂ ಓದಲಿ.